ಅರವತ್ತೆರಡು ಸಲ ‘ಕ್ಲಿಯರ್’

ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಒಬ್ಬ ಮನುಷ್ಯ ಒಂದು ಶನಿವಾರ ಬೆಳಿಗ್ಗೆ ತಣ್ಣನೆಯ ಕೋಣೆಯಲ್ಲಿ ಕೂತು, ಯಂತ್ರ ಕೇಳಿದ ಪ್ರಶ್ನೆಗೆ ಅರವತ್ತೆರಡು ಸಲ ತಪ್ಪು ಉತ್ತರ ಕೊಟ್ಟ. ಒಂದು ಸಲ ತಪ್ಪಿದರೆ ಕೈತಪ್ಪು ಎನ್ನಬಹುದು. ಅರವತ್ತೆರಡು ಸಲ ತಪ್ಪುವವನು ತನಗೆ ಗೊತ್ತಿಲ್ಲ ಎನ್ನುವುದೇ ಗೊತ್ತಿಲ್ಲದವನು. ಅಂಥವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ನಡುಭಾಗ. ಯಶವಂತಪುರದ ಆಚೆ, ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಒಂದು ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಆರ್.ಟಿ. ನಗರದ ಮನೆಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದೆ. ಇಡೀ ಕಾರ್ಖಾನೆಯಲ್ಲಿ ಎ.ಸಿ. ಇದ್ದದ್ದು ನನ್ನ ಕೋಣೆಗೆ ಮಾತ್ರ. ಅದೂ ನನಗೆ ಸೆಖೆ ಆಗುತ್ತದೆಂದಲ್ಲ, ಯಂತ್ರಕ್ಕೆ ಸೆಖೆ ಆಗಬಾರದೆಂದು. ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತು. ಧೂಳು ಬರಬಾರದು ಎಂಬುದು ಅದರ ಕಾರಣ, ಆದರೆ ಜನ ಅದನ್ನು ದೇವರಮನೆ ಎಂದೇ ತಿಳಿದಿದ್ದರು. ಬಾಗಿಲಲ್ಲಿ ನಿಂತು ಯಂತ್ರಕ್ಕೆ ಕೈ ಮುಗಿದವರನ್ನೂ ನಾನು ಕಂಡಿದ್ದೇನೆ.

ತಂತಿ ಸುತ್ತುವ ಕೆಲಸ ಮಾಡುತ್ತಿದ್ದವರು ಹೆಂಗಸರು, ಅರವತ್ತೆರಡು ಜನ. ಅವರೆಲ್ಲರೂ ಟೆಂಪರರಿ. ಕೆಲವರು ಏಳೆಂಟು ವರ್ಷದಿಂದ ಟೆಂಪರರಿ! ಅರ್ಜಿಯ ಹಿಂದಿನ ಒಂದು ವರ್ಷದಲ್ಲಿ ಇನ್ನೂರ ನಲವತ್ತು ದಿನ ಕೆಲಸ ಮಾಡಿದ್ದಾರೆಂದು ತೋರಿಸಿದರೆ ಕಾಯಂ ಮಾಡಬೇಕೆಂದು ಅವರು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿಕೊಂಡಿದ್ದರು. ಅದರ ವಿಚಾರಣೆ ಆ ಶನಿವಾರ ಕಳೆದು ಬರುವ ಶುಕ್ರವಾರಕ್ಕೆ ನಿಗದಿಯಾಗಿತ್ತು. ತೋರಿಸುವುದು ಹೇಗೆ? ಗಡಿಯಾರದ ಪೆಟ್ಟಿಗೆಯಲ್ಲಿ ತೂರಿಸಿ ಗುರುತು ಹಾಕಿಸುವ ಹಾಜರಿ ಕಾರ್ಡುಗಳು ಇರುತ್ತಿದ್ದವಲ್ಲ, ಅವನ್ನು ನಾನು ದಿನವೂ ಕಂಪ್ಯೂಟರಿಗೆ ಏರಿಸುತ್ತಿದ್ದೆ. ಕಾಯಂ ನೌಕರರ ಕಾರ್ಡುಗಳು ಆಮೇಲೆ ಬೀರುವಿಗೆ ಹೋಗುತ್ತಿದ್ದವು. ಟೆಂಪರರಿಯವರ ಕಾರ್ಡು ರದ್ದಿಗೆ. ‘ಕಂಪ್ಯೂಟರಲ್ಲಿ ಇದೆಯಲ್ಲ, ಇವರ ಕಾಗದ ಬೇರೆ ಯಾಕೆ ಹೊರೋದು’ ಎಂದು ಆಡಳಿತದವರ ವಾದ. ಹೀಗಾಗಿ ಆ ಅರವತ್ತೆರಡು ಜನ ಕೆಲಸಕ್ಕೆ ಬಂದಿದ್ದಕ್ಕೆ ಭೂಮಿಯ ಮೇಲೆ ಇದ್ದ ಸಾಕ್ಷಿ ನನ್ನ ಕೋಣೆಯ ಡಿಸ್ಕೊಂದೇ. ಒಬ್ಬೊಬ್ಬರಿಗೆ ಒಂದೊಂದು ಫೈಲು, ಟೋಕನ್ ನಂಬರೇ ಫೈಲಿನ ಹೆಸರು.

ಅವರಲ್ಲಿ ಮುನ್ನೂರ ಹದಿನೇಳನೇ ಟೋಕನ್ನಿನವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಬ್ಬಿಗೆರೆಯವಳು. ಬೆಳಗ್ಗೆ ಚಿಕ್ಕಬಾಣಾವರದವರೆಗೆ ನಡೆದು ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತಿದ್ದಳು. ಓದು ಬರಹ ಇಲ್ಲ, ಆದರೆ ತನ್ನ ನಂಬರನ್ನು ಚಿತ್ರದ ಹಾಗೆ ಗುರುತು ಹಿಡಿಯುತ್ತಿದ್ದಳು. ಅರ್ಜಿ ಹಾಕಬೇಕೆಂದು ಉಳಿದವರನ್ನು ಎಬ್ಬಿಸಿ ನಿಲ್ಲಿಸಿದವಳು ಅವಳೇ. ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಕ್ಯಾಂಟೀನಿನ ಒಂದೇ ಮೂಲೆಯಲ್ಲಿ ಕೂರುತ್ತಿದ್ದೆವು. ನನ್ನ ಮೊಸರನ್ನ ನೋಡಿ ಅವಳಿಗೆ ನಗು, ‘ಇದ್ನ ತಿಂದ್ಕಂಡು ಎಂಗವ್ವ ಕುಂತಿರ್ತೀಯ ಸಂಜೇಗಂಟ?’ ಎನ್ನುತ್ತಿದ್ದಳು.

ಇನ್ನು ಆ ಮಹಾನುಭಾವ. ನಮ್ಮ ಕಂಪ್ಯೂಟರ್ ವಿಭಾಗದ ಸೂಪರ್‌ವೈಸರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾಗಿ ಬಂದವರು. ಶಿಸ್ತಿನ ಮನುಷ್ಯ, ನಿಜ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಹಣೆಗೆ ಅಕ್ಷತೆ, ಎಂಟಕ್ಕೆ ಐದು ನಿಮಿಷ ಇರುವಾಗ ಕಾರ್ಖಾನೆಯ ಗೇಟು. ಆದರೆ ಅವರ ತಲೆ ರೈಲ್ವೆಯಲ್ಲೇ ಉಳಿದುಬಿಟ್ಟಿತ್ತು. ಯಾವ ಕಾಗದಕ್ಕೆ ಸಹಿ ಬೇಕಾದರೂ ‘ಲೈನ್ ಕ್ಲಿಯರ್ ಸಿಕ್ತಾ?’ ಎನ್ನುತ್ತಿದ್ದರು. ಮುಂದಿನ ಸ್ಟೇಷನ್ನಿನವರು ಹಳಿ ಖಾಲಿ ಇದೆ ಎಂದು ಹೇಳಿದ ಮೇಲೆ ಗಾಡಿ ಬಿಡುವುದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಕಂಪ್ಯೂಟರ್ ತರಬೇತಿಗೆ ಅವರನ್ನೂ ಕಳಿಸಿದ್ದರು. ಹದಿನೈದು ದಿನ ಕೂತು, ಊಟ ಚೆನ್ನಾಗಿತ್ತು ಎಂದು ಹೇಳಿಕೊಂಡು ಬಂದರು.

ಆ ಶನಿವಾರ ನಾನು ರಜೆ. ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಬೆಳಿಗ್ಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂದಿದೆ. ಯಂತ್ರ ಏಳುವಾಗ ಡಿಸ್ಕಿನಲ್ಲಿ ಏನೋ ಏರುಪೇರಾಗಿದೆ, ರಿಪೇರಿ ಮಾಡಲೇ ಎಂದು ಕೇಳಿದೆ. ನನಗೊಂದು ಫೋನು ಮಾಡಬಹುದಿತ್ತು. ನಮ್ಮ ಪಕ್ಕದ ಮನೆಯ ನಂಬರು ಗೋಡೆಯ ಮೇಲೆ ಅಂಟಿಸಿತ್ತು. ಮಾಡಲಿಲ್ಲ.

ಸೋಮವಾರ ಹೋಗಿ ನೋಡುತ್ತೇನೆ, ಟೆಂಪರರಿಯವರ ಫೈಲು ಒಂದೂ ಇಲ್ಲ. ಮತ್ತೆ ಮತ್ತೆ ಹುಡುಕಿದೆ. ಸೂಪರ್‌ವೈಸರು ಮಾತ್ರ ಮದುವೆ ಮನೆಯ ಹಿರಿಯರ ಹಾಗೆ ನಗುತ್ತಾ ಬಂದರು.

‘‘ಏನಮ್ಮಾ, ನೀನಿಲ್ಲ ಅಂದ್ರೆ ಮಿಷನ್ ನಿಂತೋಗುತ್ತೆ ಅನ್ಕೊಂಡಿದ್ಯಾ? ನಾನೇ ರಿಪೇರಿ ಮಾಡ್ದೆ. ಮುಕ್ಕಾಲು ಗಂಟೆ, ಅಷ್ಟೆ.’’

‘‘ಅದೇನ್ ಕೇಳ್ತು ಸಾರ್? ನೀವೇನ್ ಒತ್ತಿದ್ರಿ?’’

‘‘ಮೊದ್ಲು ರೀಕನೆಕ್ಟ್ ಮಾಡ್ಲಾ ಅಂತು. ನೋ ಅಂದೆ. ಏನೂ ಚೆಕ್ ಮಾಡ್ದೆ ಬೋಗಿ ಜೋಡ್ಸಕ್ಕಾಗುತ್ತೇನಮ್ಮಾ? ಆಮೇಲೆ ಕ್ಲಿಯರ್ ಅಂತ ಕೇಳ್ತು. ಯೆಸ್ ಅಂದೆ. ಲೈನ್ ಕ್ಲಿಯರ್ ಕೊಟ್ರೆ ತಾನೇ ಗಾಡಿ ಮುಂದಕ್ಕೆ ಹೋಗೋದು? ಅದು ಕೇಳ್ತಾ ಹೋಯ್ತು, ನಾನು ಕೊಡ್ತಾ ಹೋದೆ. ನನ್ ಸರ್ವೀಸಲ್ಲಿ ಒಂದ್ ದಿನಾನೂ ಗಾಡಿ ನಿಲ್ಸಿದೋನಲ್ಲ ನಾನು.’’

ನಡೆದದ್ದು ಇಷ್ಟು. ಟೆಂಪರರಿಯವರ ಫೈಲುಗಳ ಹೆಸರು ಬರೆದಿಟ್ಟ ಪಟ್ಟಿಯೊಂದು ಕರೆಂಟಿನ ಹೊಡೆತಕ್ಕೆ ಕೆಟ್ಟಿತ್ತು. ಫೈಲುಗಳು ಇದ್ದವು, ಹೆಸರು ಹೋಗಿತ್ತು. ರಿಪೇರಿ ಪ್ರೋಗ್ರಾಮು ಒಂದೊಂದನ್ನೂ ಹುಡುಕಿ ತಂದು, ‘ಇಲ್ಲೊಂದು ದಿಕ್ಕಿಲ್ಲದ ಫೈಲು ಸಿಕ್ಕಿದೆ, ಮತ್ತೆ ಸೇರಿಸಿಕೊಳ್ಳಲೇ?’ ಎಂದು ಕೇಳಿದೆ. ಬೇಡ ಅಂದಿದ್ದಾರೆ. ‘ಹಾಗಾದರೆ ಅಳಿಸಿಬಿಡಲೇ?’ ಎಂದಿದೆ. ಯಂತ್ರದ ಭಾಷೆಯಲ್ಲಿ ಕ್ಲಿಯರ್ ಎಂದರೆ ಅಳಿಸುವುದು. ಹೂಂ ಅಂದಿದ್ದಾರೆ. ಹೀಗೆ ಒಬ್ಬೊಬ್ಬ ಹೆಂಗಸನ್ನೂ ಎದುರಿಗೆ ತಂದು ನಿಲ್ಲಿಸಿ ಕೇಳಿದೆ. ಅರವತ್ತೆರಡು ಸಲ ಬೇಡ, ಅರವತ್ತೆರಡು ಸಲ ಅಳಿಸು. ನಡುವೆ ಒಂದೇ ಒಂದು ಸಲವಾದರೂ ಆ ಬೆರಳು ಅನುಮಾನಿಸಿ ನಿಲ್ಲಬಾರದಿತ್ತೆ?

ನಕಲು ಇಟ್ಟ ಟೇಪಾದರೂ ಇದೆಯಲ್ಲ ಎಂದು ಓಡಿದೆ. ಅದೂ ಮುಗಿದಿತ್ತು. ಪ್ರತಿ ಶನಿವಾರ ಡಿಸ್ಕಿನ ನಕಲು ತೆಗೆಯಬೇಕೆಂಬ ನಿಯಮವಿತ್ತು, ಟೇಪು ಇದ್ದದ್ದು ಒಂದೇ. ನಿಯಮ ತಪ್ಪದ ನಮ್ಮ ಸೂಪರ್‌ವೈಸರು ರಿಪೇರಿ ಮುಗಿಸಿ, ಆ ಫೈಲುಗಳಿಲ್ಲದ ಡಿಸ್ಕಿನ ನಕಲನ್ನು ಅದೇ ಟೇಪಿನ ಮೇಲೆ ಶ್ರದ್ಧೆಯಿಂದ ತೆಗೆದಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕೇಳಿದ್ದೇನೆ. ಇವರು ಬಾಗಿಲು ಹಾಕಿ ಕೀಲಿಕೈಯನ್ನೂ ಬಾವಿಗೆ ಎಸೆದಿದ್ದರು.

ಸಿಬ್ಬಂದಿ ವಿಭಾಗದ ಅಧಿಕಾರಿಯ ಹತ್ತಿರ ಹೋದೆ. ಸುದ್ದಿ ಕೇಳಿ ಅವರ ಮುಖದಲ್ಲಿ ಮೂಡಿದ ಸಮಾಧಾನವನ್ನು ನೋಡಬೇಕಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

‘‘ಹೋಗಿದ್ದು ಹೋಯ್ತು ಬಿಡಮ್ಮ. ನಾವೇನ್ ಬೇಕೂಂತ ಮಾಡಿದ್ದಾ? ಕಂಪ್ಯೂಟರ್ ಕೆಟ್ಟೋಯ್ತು, ರೆಕಾರ್ಡ್ ಇಲ್ಲ ಅಂತ ಶುಕ್ರವಾರ ಹೇಳಿದ್ರಾಯ್ತು. ಗುರುವಾರ ಕಂಪ್ಯೂಟರ್ ಕಂಪನಿ ಇಂಜಿನಿಯರ್ ಬರ್ತಾರೆ, ಡಿಸ್ಕ್ ಪೂರ್ತಿ ಒರೆಸಿ ಹೊಸದಾಗಿ ಮಾಡಿಕೊಡ್ತಾರೆ. ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?’’

ಮಧ್ಯಾಹ್ನ ಅಕ್ಕನಿಗೆ ಹೇಳಿದೆ. ಅವಳು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

‘‘ಅಂಗಂದ್ರೆ? ನಾವು ಬಂದೇ ಇಲ್ವಾ?’’

‘‘ಬಂದಿದ್ದೀರ ಅನ್ನೋದಕ್ಕೆ ದಾಖಲೆ ಇಲ್ಲ ಅಂತಾರೆ.’’

‘‘ಈ ಕೈ ನೋಡವ್ವ’’ ಎಂದು ಬೆರಳು ಮುಂದೆ ಹಿಡಿದಳು. ತಂತಿ ಜಾರಿ ಜಾರಿ ಗೀರು ಬಿದ್ದ ಬೆರಳುಗಳು. ‘‘ಇದೇನು ಮನೇಲಿ ಕುಂತು ಆಗಿದ್ದಾ? ಯಾವನವ್ವ ಅವ್ನು ದಾಕ್ಲೆ ಇಲ್ಲ ಅನ್ನೋನು?’’

ಅವಳ ಸಿಟ್ಟು ನನಗೂ ಹತ್ತಿತು. ಊಟ ಬಿಟ್ಟು ಕೋಣೆಗೆ ಹೋಗಿ ಕೈಪಿಡಿಯ ದಪ್ಪ ಪುಸ್ತಕ ತೆರೆದೆ. ಎರಡು ಗಂಟೆ ಓದಿದ ಮೇಲೆ ಒಂದು ಮಾತು ಗಟ್ಟಿಯಾಯಿತು. ಅಳಿಸು ಎಂದಾಗ ಯಂತ್ರ ಅಳಿಸುವುದು ಫೈಲಿನ ವಿಳಾಸವನ್ನು ಮಾತ್ರ. ಒಳಗಿನ ಅಕ್ಷರಗಳು ಡಿಸ್ಕಿನಲ್ಲಿ ಇದ್ದ ಕಡೆಯೇ ಇರುತ್ತವೆ, ಆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ, ಅಷ್ಟೆ. ಯಾರಾದರೂ ಹೊಸದೇನಾದರೂ ಬರೆದರೆ ಆ ಜಾಗದ ಮೇಲೆ ಕೂರುತ್ತದೆ, ಆಗ ಹಳೆಯದು ನಿಜವಾಗಿ ಸಾಯುತ್ತದೆ. ಅಂದರೆ ಡಿಸ್ಕಿನ ಮೇಲೆ ಇನ್ನು ಯಾರೂ ಒಂದಕ್ಷರವನ್ನೂ ಬರೆಯಬಾರದು.

ಇದನ್ನು ಸೂಪರ್‌ವೈಸರಿಗೆ ಬಿಡಿಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಿದೆ. ‘‘ಸಾರ್, ಡಿಸ್ಕು ಮಡೀಲಿದೆ. ಗುರುವಾರದವರೆಗೂ ಯಾರೂ ಮುಟ್ಟೋ ಹಾಗಿಲ್ಲ.’’

ಅವರು ಗಾಬರಿಯಿಂದ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ‘‘ಹಂಗಾ! ಮೊದ್ಲೇ ಹೇಳೋದಲ್ವೇನಮ್ಮಾ?’’ ಎಂದರು. ಆಮೇಲೆ ಯಾರು ಬಾಗಿಲ ಹತ್ತಿರ ಬಂದರೂ ಅವರೇ ತಡೆದು ಕಳಿಸುತ್ತಿದ್ದರು. ನಗು ಬರಬೇಕಾದ ಮಾತು, ನನಗೆ ಅಂದು ಬರಲಿಲ್ಲ. ಮಡಿಗೆ ಕೊಟ್ಟ ಬೆಲೆಯಲ್ಲಿ ಹತ್ತರಲ್ಲೊಂದು ಪಾಲನ್ನು ಆ ಹೆಂಗಸರ ಹೊಟ್ಟೆಪಾಡಿಗೆ ಕೊಟ್ಟಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಫ್ಲಾಪಿಯಿಂದ ಯಂತ್ರ ಎಬ್ಬಿಸಿ, ಡಿಸ್ಕನ್ನು ಓದುವುದಕ್ಕಷ್ಟೇ ತೆರೆದೆ. ಮೊದಲಿಂದ ಕೊನೆಯವರೆಗೆ ತುಂಡು ತುಂಡಾಗಿ ಓದುತ್ತಾ ಹೋಗಿ, ಟೋಕನ್ ನಂಬರು ಮತ್ತು ತಾರೀಖು ಇರುವ ತುಂಡು ಸಿಕ್ಕರೆ ಅದರ ಸ್ಥಳಸಂಖ್ಯೆಯ ಸಮೇತ ನೇರವಾಗಿ ಪ್ರಿಂಟರಿಗೆ ಕಳಿಸುವ ಹಾಗೆ ಮಾಡಿದೆ. ಪ್ರತಿ ಸಾಲಿಗೂ ಟೋಕನ್ ನಂಬರು ಬರೆಯುವುದು ನನ್ನ ಅಭ್ಯಾಸ. ಫೈಲಿನ ಹೆಸರೇ ಟೋಕನ್ ಆಗಿರುವಾಗ ಇದು ಜಾಗ ದಂಡ ಎಂದು ಸೂಪರ್‌ವೈಸರು ಹಿಂದೆ ಹಂಗಿಸಿದ್ದರು. ಆ ದಂಡವೇ ಈಗ ಕೈ ಹಿಡಿಯಿತು. ಸೋಮವಾರ ಸಂಜೆ ಪ್ರಿಂಟರು ಗರಗರ ಎನ್ನತೊಡಗಿ, ಮೊದಲ ತುಂಡಿನಲ್ಲಿ ಇಪ್ಪತ್ತನಾಲ್ಕು ಸಾಲು, ಇಪ್ಪತ್ತನಾಲ್ಕು ದಿನ, ಯಾರೋ ಒಬ್ಬಳು ಎಂಟು ಗಂಟೆಗೆ ಬಂದದ್ದು ಐದಕ್ಕೆ ಹೋದದ್ದು ಕಾಗದದ ಮೇಲೆ ಮೂಡಿದಾಗ ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಸಂತೋಷಕ್ಕೆ ಎನ್ನಲಾರೆ. ಇಷ್ಟು ದಿನದ ದುಡಿಮೆ ಹೀಗೆ ಹೆಸರಿಲ್ಲದೆ ಚೆಲ್ಲಾಡಿತ್ತಲ್ಲ ಎಂಬ ಹೊಟ್ಟೆಯುರಿಗೆ.

ತುಂಡುಗಳು ಏಳುನೂರಕ್ಕೂ ಹೆಚ್ಚು, ಬಹುಪಾಲು ಒಂದರ ಬೆನ್ನಿಗೆ ಇನ್ನೊಂದಿಲ್ಲ. ಮಂಗಳವಾರ, ಬುಧವಾರ ಊಟದ ಹೊತ್ತಿನಲ್ಲಿ, ಮತ್ತೆ ಶಿಫ್ಟು ಬಿಟ್ಟ ಮೇಲೆ, ಕ್ಯಾಂಟೀನಿನ ನೆಲದ ಮೇಲೆ ಕಾಗದ ಹರಡಿ ಕೂತೆವು. ಓದು ಬಲ್ಲವರು ನಂಬರು ಕೂಗುತ್ತಿದ್ದರು, ಉಳಿದವರು ಅವರವರ ಗುಡ್ಡೆಗೆ ಹಾಕುತ್ತಿದ್ದರು. ತುಂಡಿನ ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿರುತ್ತಿತ್ತು, ಅದರ ಇನ್ನರ್ಧ ಬೇರೊಂದು ತುಂಡಿನ ತಲೆಯಲ್ಲಿ. ಹರಿದ ತಂತಿಯ ಎರಡು ತುದಿ ಹುಡುಕಿ ಕೂಡಿಸುವುದು ಅವರಿಗೆ ದಿನನಿತ್ಯದ ಕೆಲಸ. ನನಗಿಂತ ಬೇಗ ಹುಡುಕುತ್ತಿದ್ದರು. ಒಬ್ಬಳು ತನ್ನ ಗುಡ್ಡೆ ನೋಡಿ, ‘‘ಈ ದಿನ ನಾನು ಅರ್ಧ ಶಿಫ್ಟಿಗೆ ಹೋಗಿದ್ದು ಕಣ್ರೇ, ಮಗೀಗೆ ಜ್ವರ ಬಂದಿತ್ತು, ಮಿಷನ್ನು ಅದನ್ನೂ ಬರ್ಕೊಂಡೈತೆ!’’ ಎಂದು ಬೆರಗಾದಳು. ಬುಧವಾರ ಐದೂವರೆಯ ಹೊತ್ತಿಗೆ ಎಣಿಸಿ ಮುಗಿಸಿದೆವು. ಒಬ್ಬೊಬ್ಬರದೂ ಇನ್ನೂರ ನಲವತ್ತು ದಾಟಿತು. ಇನ್ನೂರ ಐವತ್ತು, ಇನ್ನೂರ ಅರವತ್ತೆಂಟು, ಇನ್ನೂರ ಎಂಬತ್ತು.

ಅಕ್ಕನದು ಮಾತ್ರ ಇನ್ನೂರ ಮೂವತ್ತಮೂರಕ್ಕೆ ನಿಂತಿತು.

ಮತ್ತೆ ಎಣಿಸಿದೆ. ಅವಳ ತುಂಡುಗಳು ಮಾತ್ರ ಡಿಸ್ಕಿನಲ್ಲಿ ವಠಾರದ ಮನೆಗಳ ಹಾಗೆ ಸಾಲಾಗಿ ಇದ್ದವು. ಆ ಸಾಲಿನ ನಡುವೆ ಒಂದು ಸ್ಥಳಸಂಖ್ಯೆ ಇಲ್ಲ. ಕೋಣೆಗೆ ಓಡಿ ಆ ಒಂದು ಜಾಗವನ್ನಷ್ಟೇ ಅಚ್ಚು ಹಾಕಿಸಿದೆ. ಹಾಜರಿ ಬರಲಿಲ್ಲ, ಇಂಗ್ಲಿಷಿನ ಒಂದು ಪತ್ರದ ಚೂರು ಬಂತು. ನಮ್ಮ ಸೂಪರ್‌ವೈಸರು ಶನಿವಾರವೇ ಆ ಯಂತ್ರದಲ್ಲಿ ಕೂತು ಜನರಲ್ ಮ್ಯಾನೇಜರಿಗೆ ಒಂದು ಪತ್ರ ಬೆರಳಚ್ಚು ಮಾಡಿದ್ದರು. ಕಂಪ್ಯೂಟರನ್ನು ತಾವೇ ಯಶಸ್ವಿಯಾಗಿ ರಿಪೇರಿ ಮಾಡಿರುವುದಾಗಿಯೂ, ಯಾವ ನಷ್ಟವೂ ಆಗಿಲ್ಲವೆಂದೂ, ಇದನ್ನು ದಯಮಾಡಿ ಗಮನಕ್ಕೆ ತೆಗೆದುಕೊಳ್ಳಬೇಕೆಂದೂ. ಪತ್ರ ಮೂರು ತುಂಡಿನ ಜಾಗ ತಿಂದಿತ್ತು. ಒಂದು ಮೊದಲೇ ಖಾಲಿ ಇದ್ದದ್ದು, ಒಂದು ಇನ್ನೂರ ಎಂಬತ್ತು ಬಂದವಳದು, ಒಂದು ಅಕ್ಕನದು. ‘ಯಾವ ನಷ್ಟವೂ ಆಗಿಲ್ಲ’ ಎಂಬ ಸಾಲು ಕೂತದ್ದು ಸರಿಯಾಗಿ ಅಕ್ಕನ ಇಪ್ಪತ್ತನಾಲ್ಕು ದಿನದ ಮೇಲೆ. ಆ ಕಾಗದವನ್ನು ಒಯ್ದು ಅವರ ಮುಖದ ಮೇಲೆ ಎಸೆಯಬೇಕೆನಿಸಿತು. ಅವರು ಆಗಲೇ ಸರಿಯಾದ ಹೊತ್ತಿಗೆ ಮನೆಗೆ ಹೋಗಿಯಾಗಿತ್ತು.

ಕಳೆದ ದಿನಗಳು ಯಾವುವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರೆಕಾಯಿಯ ಕಾಲ. ಆ ದಿನಗಳಲ್ಲಿ ಅಕ್ಕ ತಂದ ಅವರೆಕಾಳಿನ ಸಾರನ್ನು ನಾನು ಎಷ್ಟು ಸಲ ಉಂಡಿದ್ದೇನೋ. ಅವಳು ಬಂದಿದ್ದಕ್ಕೆ ನನ್ನ ನಾಲಿಗೆಯೇ ಸಾಕ್ಷಿ. ಬೇಕಾದದ್ದು ಏಳು ಸಾಲು. ಉಳಿದ ಸಾಲುಗಳ ಹಾಗೆಯೇ ಬೆರಳಚ್ಚು ಮಾಡಿ ಅಚ್ಚು ಹಾಕಿಸಿದ್ದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಬುಧವಾರ ಸಂಜೆ ಕೀಲಿಮಣೆಯ ಮುಂದೆ ಕೂತೆ. ಮುನ್ನೂರ ಹದಿನೇಳು ಎಂದು ಒತ್ತಿದೆ, ಅಳಿಸಿದೆ. ಒಂದು ಸಾಲು ಕೈಯಿಂದ ಸೇರಿದ್ದು ಗೊತ್ತಾದರೆ ಉಳಿದ ಅರವತ್ತೊಂದು ಜನರದ್ದೂ ಸುಳ್ಳಾಗುತ್ತದೆ ಎಂದುಕೊಂಡೆ. ಇಡೀ ಡಿಸ್ಕಿಗೆ ನಾನೊಬ್ಬಳೇ ಜವಾಬ್ದಾರಳು ಎಂದುಕೊಂಡೆ. ಕಡೆಗೆ ಸೇರಿಸದೆ ಎದ್ದುಬಿಟ್ಟೆ. ಅಕ್ಕನಿಗೆ ಸೂಪರ್‌ವೈಸರ ಪತ್ರದ ಸಂಗತಿ ಹೇಳಿದೆ, ಈ ಏಳು ಸಾಲಿನ ಸಂಗತಿ ಹೇಳಲಿಲ್ಲ.

ಶುಕ್ರವಾರ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ನಮ್ಮ ಸಿಬ್ಬಂದಿ ಅಧಿಕಾರಿ ‘ಕಂಪ್ಯೂಟರ್ ಕೆಟ್ಟಿದ್ದರಿಂದ’ ಎಂದು ಶುರು ಮಾಡಿದರು. ಹೆಂಗಸರು ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟಾಗ ನಮ್ಮ ಅಧಿಕಾರಿಯ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಆ ಒಂದು ಗಳಿಗೆಯ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ. ಇಲಾಖೆಯ ಸಾಹೇಬರು ಹಾಳೆ ತಿರುವಿ ನನ್ನನ್ನು ಕೇಳಿದರು.

‘‘ಇದ್ರಲ್ಲಿ ನೀವಾಗಿ ಸೇರಿಸಿದ್ದು ಏನಾದ್ರೂ ಇದ್ಯಾ?’’

‘‘ಒಂದಕ್ಷರಾನೂ ಇಲ್ಲ ಸಾರ್.’’

ಎಂಥ ಹೆಮ್ಮೆಯಿಂದ ಹೇಳಿದೆ ಅಂತೀರಿ! ಅವರು ಗೇಟಿನ ಪುಸ್ತಕ ತರಿಸಿ, ಅಲ್ಲೊಂದು ಇಲ್ಲೊಂದು ದಿನ ತಾಳೆ ನೋಡಿ, ಒಪ್ಪಿದರು. ಆ ಪುಸ್ತಕದಲ್ಲಿ ದಿನಕ್ಕೆ ಎಷ್ಟು ಜನ ಬಂದರೆಂಬ ಲೆಕ್ಕ ಇತ್ತೇ ಹೊರತು ಯಾರು ಬಂದರೆಂಬುದು ಇರಲಿಲ್ಲ. ಮುನ್ನೂರ ಹದಿನೇಳನೆಯದಕ್ಕೆ ಬಂದಾಗ ನಿಂತರು. ನಾನು ಸೂಪರ್‌ವೈಸರ ಪತ್ರದ ಚೂರು ತೋರಿಸಿ ಎಲ್ಲವನ್ನೂ ವಿವರಿಸಿದೆ. ಅರವತ್ತೊಂದು ಜನರೂ ಎದ್ದು ನಿಂತು ಅವಳು ಬಂದಿದ್ದಳೆಂದು ಹೇಳಿದರು.

‘‘ನೀವೆಲ್ಲ ಅರ್ಜಿದಾರರೇ ಅಲ್ವೇನಮ್ಮಾ. ನಿಮ್ಮ ಮಾತನ್ನ ನಾನು ಸಾಕ್ಷಿ ಅಂತ ಹೇಗೆ ಬರ್ಕೊಳ್ಲಿ? ಪತ್ರದ ಕೆಳಗೆ ಹಾಜರಿ ಇತ್ತು ಅಂತ ಬರೆಯೋಕಾಗುತ್ತಾ?’’

ಕಳೆದವರು ಯಾರು, ಸಾಕ್ಷಿ ತೋರಿಸಬೇಕಾದವರು ಯಾರು! ಇಪ್ಪತ್ತನಾಲ್ಕು ದಿನವನ್ನು ನುಂಗಿದವರು ಅಂದು ಕಾರ್ಖಾನೆಯ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದರು. ಅವರ ಸಂಬಳಕ್ಕೆ, ಅವರ ಪಿಂಚಣಿಗೆ ಒಂದು ಗೀರೂ ಬೀಳಲಿಲ್ಲ.

ಅರವತ್ತೊಂದು ಜನ ಕಾಯಂ ಆದರು. ಸ್ವೀಟು ಹಂಚಿದರು. ಅಪ್ಪಣೆ ಇಲ್ಲದೆ ಕಾರ್ಖಾನೆಯ ಕಾಗದ ಹೊರಗೆ ಒಯ್ದದ್ದಕ್ಕೆ ನನಗೊಂದು ಮೆಮೊ ಬಂತು, ಹರಿದುಹಾಕಿದೆ. ಎರಡು ತಿಂಗಳಾದ ಮೇಲೆ, ಇನ್ನು ಟೆಂಪರರಿಯವರು ಬೇಡವೆಂದು ಆಡಳಿತ ತೀರ್ಮಾನಿಸಿತು. ಟೆಂಪರರಿಯವರು ಎಂದರೆ ಒಬ್ಬಳೇ.

ಕೊನೆಯ ದಿನ ಅಕ್ಕ ನನ್ನ ಕೋಣೆಯ ಬಾಗಿಲಿಗೆ ಬಂದಳು. ಒಳಗೆ ಬಾ ಎಂದೆ, ಬರಲಿಲ್ಲ.

‘‘ಆ ಏಳು ದಿನಾವ ನೀನೇ ಬರ್ದಾಕ್ಬೋದಿತ್ತಂತೆ. ಕ್ಯಾಂಟೀನಲ್ಲಿ ಯಾರೋ ಅಂದ್ರು. ದಿಟವಾ?’’

‘‘ದಿಟ ಅಕ್ಕ. ಆದ್ರೆ ಒಂದು ಸಿಕ್ಕಿಬಿದ್ದಿದ್ರೆ ಎಲ್ಲರದ್ದೂ ಹೋಗ್ತಿತ್ತು. ಅದಕ್ಕೇ...’’

‘‘ಅದು ನಂಗೂ ತಿಳೀತದೆ ಕಣವ್ವ. ಅವ್ರನ್ನೆಲ್ಲ ಕರ್ಕಂಬಂದು ಅರ್ಜಿ ಆಕ್ಸಿದೋಳು ನಾನು. ನಾನೇ ಬ್ಯಾಡ ಅಂತಿದ್ದೆ.’’ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು. ‘‘ನನ್ನ ಒಂದು ಮಾತು ಕೇಳ್ಬೋದಿತ್ತಲ್ಲವ್ವ.’’

ಅವಳು ಗಾಡಿಗೆ ಹೊತ್ತಾಯಿತೆಂದು ಗೇಟಿನ ಕಡೆ ನಡೆದಳು.